ಮಾಡಿದವರು: ರಾವಂದೂರ್ ಮಹಿ

ರಾವಂದೂರು
18 ನವೆಂಬರ್ 2024

ಸೊಸೆ ಉಷಾರಾಣಿಗೆ ನಿನ್ನ ಮಾವ ಬೆಟ್ಟಸ್ವಾಮಿಯ ಮನಸ್ಸು ತುಂಬಿದ ಹಾರೈಕೆ.

ಹೇಗಿದ್ದೀಯವ್ವ? ಅಂತರಸಂತೆ ಕಡೆ ಆಗಲೇ ಚಳಿ ಇಳಿದಿರಬೇಕು. ಬೆಳಗಿನ ಐದಕ್ಕೆಲ್ಲ ಹಾಸ್ಟೆಲಿನ ಒಲೆ ಹಚ್ಚಬೇಕು ಎಂದು ನೀನೇ ಹೇಳಿದ್ದೆ. ತಲೆಗೆ ಟವಲ್ ಸುತ್ತಿಕೊಂಡು ಹೊರಗೆ ಬಾ. ಅನ್ನದ ಕೊಪ್ಪರಿಗೆಯನ್ನು ಒಬ್ಬಳೇ ಇಳಿಸಬೇಡ, ಜೊತೆಯಲ್ಲಿ ಅಡುಗೆ ಮಾಡುವ ಕೆಂಚಿಯನ್ನು ಕರೆದುಕೋ. ನೂರಿಪ್ಪತ್ತು ಮಕ್ಕಳಿಗೆ ಬಡಿಸಿ ನೀನು ತಟ್ಟೆ ಹಿಡಿಯುವ ಹೊತ್ತಿಗೆ ಸಾರು ಆರಿ ತಣ್ಣಗಾಗಿರುತ್ತದೆ, ನನಗೆ ಗೊತ್ತು. ನಿನ್ನ ಅತ್ತೆಯ ಮಂಡಿನೋವು ಹಾಗೇ ಇದೆ. ಎಣ್ಣೆ ಹಚ್ಚಿದರೆ ಎರಡು ದಿನ ಓಡಾಡುತ್ತಾಳೆ, ಮೂರನೆಯ ದಿನ ನನ್ನನ್ನು ಬೈಯುತ್ತಾ ಕೂರುತ್ತಾಳೆ. ನಿನ್ನ ಗಂಡ ಕಾಂತರಾಜ ಹರಾಜು ಕಟ್ಟೆಗೆ ಎರಡು ಸಲ ತಂಬಾಕಿನ ಬೇಲು ಹಾಕಿ ಬಂದ. ಮಾತು ಕಡಿಮೆ ಮಾಡಿದ್ದಾನೆ. ಸಂಜೆಯಾದರೆ ಹೊಲದ ಮೂಲೆಗೆ ಹೋಗಿ ಮಗನ ಗದ್ದಿಗೆಯ ಹತ್ತಿರ ಒಬ್ಬನೇ ಕೂತಿರುತ್ತಾನೆ. ನಮ್ಮ ಮಹೇಂದ್ರನನ್ನು, ನಮ್ಮ ಮಹಿಯನ್ನು, ಮಣ್ಣು ಮಾಡಿ ಹದಿನಾರು ತಿಂಗಳಾಯಿತು. ಹದಿನೇಳು ವರ್ಷದ ಹುಡುಗನನ್ನು ಡೆಂಗ್ಯೂ ನಾಲ್ಕೇ ದಿನದಲ್ಲಿ ಕೊಂಡೊಯ್ದದ್ದು ಇವತ್ತಿಗೂ ನನ್ನ ಬುದ್ಧಿಗೆ ಹತ್ತುತ್ತಿಲ್ಲ.

ಈ ವಿಷಯವನ್ನು ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ನೀನು ‘ಹೇಳಿ ಮಾವ’ ಎನ್ನುತ್ತಿದ್ದ ಹಾಗೇ ಮಳೆಬೆಳೆ ಮಾತಾಡಿ ಇಟ್ಟುಬಿಟ್ಟೆ. ಅದಕ್ಕೇ ಕಾಗದ. ನಿಧಾನಕ್ಕೆ ಓದು.

ಮಹಿ ಮೊಬೈಲಿನಲ್ಲಿ ಒಂದು ಆಟ ಆಡುತ್ತಿದ್ದನಲ್ಲ, ಅದರೊಳಗೆ ಒಂದು ಸಂತೆ ಇದೆ. ನೀನು ಬೈಯುತ್ತಿದ್ದದ್ದು ಕತ್ತಿ ಹಿಡಿದು ಹೊಡೆದಾಡುವ ಆಟ ಎಂದು. ನಮ್ಮ ಹುಡುಗ ಹೊಡೆದಾಡಿದ್ದು ಬಹಳ ಕಡಿಮೆ ಕಣವ್ವ. ಅವನು ಗುಡ್ಡದಲ್ಲಿ ಕಬ್ಬಿಣ ಅಗೆದು, ಕರಗಿಸಿ, ಲಾಂದ್ರ ಮಾಡಿ ಮಾರುತ್ತಿದ್ದ. ಕತ್ತಲ ಗುಹೆಗೆ ಇಳಿಯುವವರಿಗೆ ಲಾಂದ್ರ ಬೇಕು. ಎಲ್ಲೆಲ್ಲಿಯದೋ ಜನ ಬಂದು ಆಟದ ನಾಣ್ಯ ಕೊಟ್ಟು ಕೊಳ್ಳುತ್ತಾರೆ. ಒಂದು ದಿನ ನನ್ನ ಪಕ್ಕ ಬಂದು ಕೂತು, ‘ತಾತ, ನೀನು ಹರಾಜು ಕಟ್ಟೇಲಿ ಇದ್ದೋನು, ರೇಟು ಎಂಗೆ ಕಟ್ಟೋದು ಹೇಳ್ಕೊಡು’ ಅಂದ. ಮೂವತ್ತೊಂದು ವರ್ಷ ಹರಾಜಿಗೆ ಬಂದ ತಂಬಾಕಿನ ಬೇಲುಗಳಿಗೆ ಬೆಲೆ ಚೀಟಿ ಅಂಟಿಸಿದವನು ನಾನು. ನನ್ನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತು ಕೇಳಿದವರಲ್ಲ. ಎಲ್ಲ ಮಾಲನ್ನೂ ಒಂದೇ ದಿನ ಇಡಬೇಡ, ಪಕ್ಕದವನ ಬೆಲೆ ನೋಡಿ ಹೆದರಿ ಇಳಿಸಬೇಡ ಎಂದು ಹೇಳಿಕೊಟ್ಟೆ. ಅವನು ನನ್ನ ಫೋನಿಗೂ ಆ ಆಟ ಹಾಕಿಕೊಟ್ಟು, ಬಿಳಿ ಗಡ್ಡದ ಒಬ್ಬ ಮುದುಕನನ್ನು ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ‘ತಾತ’ ಎಂದು ಹೆಸರಿಟ್ಟ. ಬೇಲಿನ ಚೀಟಿ ಓದಿ ಓದಿ ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಆ ಮುದುಕ ಸಂತೆಯಲ್ಲಿ ನಿಂತು ಬೆಲೆ ನೋಡುತ್ತಿದ್ದ, ಮೊಮ್ಮಗ ಮಾರುತ್ತಿದ್ದ. ಅವನು ಮಾಡಿದ ಪ್ರತಿ ಲಾಂದ್ರದ ಕೆಳಗೂ ‘ಮಾಡಿದವರು: ರಾವಂದೂರ್ ಮಹಿ’ ಎಂದು ಬರುತ್ತಿತ್ತು. ಎಷ್ಟು ಕೈ ಬದಲಾದರೂ ಆ ಹೆಸರು ಅಳಿಸುವುದಿಲ್ಲ.

ಮಣ್ಣು ಮಾಡಿದ ದಿನ ಕಾಂತರಾಜ ಏನು ಮಾಡಿದ ಎಂಬುದು ನಿನಗೆ ಮರೆತಿರುವುದಿಲ್ಲ. ಮಗನ ಮೊಬೈಲನ್ನು ಎಲ್ಲರೆದುರು ನಿನ್ನ ಮುಖಕ್ಕೆ ಎತ್ತಿ ಹಿಡಿದು, ‘ಇದ್ನೇ ಕೊಡ್ಸಿದ್ದಲ್ಲ ನೀನು, ಇದ್ರಲ್ಲೇ ಮುಳುಗ್ಸಿ ಮಗಂಗೆ ಜ್ವರ ಬಂದಿದ್ದೂ ನೋಡ್ಲಿಲ್ಲ’ ಎಂದು ಕೂಗಿ, ಅದನ್ನು ಗುಂಡಿಯೊಳಗೆ ಅವನ ಪಕ್ಕದಲ್ಲೇ ಇಟ್ಟ. ನೀನು ಎರಡು ತಿಂಗಳಿಗೆ ಹಾಸ್ಟೆಲಿನ ಕೆಲಸ ಹಿಡಿದು ಹೊರಟುಹೋದೆ.

ನೀನು ಹೋದ ಮೇಲೆ ನಾನು ಒಂದು ಮಧ್ಯಾಹ್ನ ಆ ಸಂತೆಗೆ ಹೋದೆ. ಮಹಿಯ ಅಂಗಡಿಯಲ್ಲಿ ಮಾರಾಟವಾಗದ ಎರಡು ಲಾಂದ್ರ ಹಾಗೇ ಇದ್ದವು. ಅವನಿಲ್ಲದ ಲೋಕದಲ್ಲಿ ಅವನು ಇಟ್ಟ ಬೆಲೆಗೇ ಕಾಯುತ್ತಾ ಕೂತಿದ್ದವು. ದಿನವೂ ಹೋಗಿ ನೋಡಿ ಬರುತ್ತಿದ್ದೆ. ಕೊಳ್ಳಲು ಮನಸ್ಸು ಬರಲಿಲ್ಲ, ಕೊಂಡರೆ ಅಂಗಡಿ ಖಾಲಿಯಾಗುತ್ತದೆ. ದೀಪಾವಳಿ ಹೊತ್ತಿಗೆ ಯಾರೋ ಒಂದನ್ನು ಕೊಂಡರು, ಸಂಕ್ರಾಂತಿ ಕಳೆದ ಮೇಲೆ ಇನ್ನೊಂದೂ ಹೋಯಿತು. ಅವತ್ತು ನಾನು ಊಟ ಬಿಟ್ಟೆ. ನಿನ್ನ ಅತ್ತೆಗೆ ಹೊಟ್ಟೆ ಸರಿಯಿಲ್ಲ ಎಂದೆ.

ಶಿವರಾತ್ರಿಗೆ ಹತ್ತು ದಿನ ಇರುವಾಗ, ಸುಮ್ಮನೆ ಅಭ್ಯಾಸಕ್ಕೆ ಮತ್ತೆ ತೆರೆದು ನೋಡಿದರೆ ಆ ಅಂಗಡಿಯಲ್ಲಿ ಐದು ಲಾಂದ್ರ ಇದ್ದವು. ಹೊಸವು. ಕೆಳಗೆ ಅದೇ ಹೆಸರು, ಮಾಡಿದ ದಿನಾಂಕ ಹಿಂದಿನ ದಿನದ್ದು.

ಬಿಸಿಲು ಉರಿಯುತ್ತಿತ್ತು, ಚಪ್ಪಲಿ ಮೆಟ್ಟದೆ ಹೊಲಕ್ಕೆ ನಡೆದೆ. ಗದ್ದಿಗೆಯ ಮೇಲೆ ಕಾಂತರಾಜ ಹಾಕಿದ ಚಪ್ಪಡಿ ಅಲುಗಿರಲಿಲ್ಲ. ಕೂತು ಅವನ ನಂಬರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್ ಎಂದು ಹೆಂಗಸಿನ ದನಿ ಹೇಳುತ್ತಿದ್ದರೂ, ಚಪ್ಪಡಿಗೆ ಕಿವಿ ಇಟ್ಟು ಮಣ್ಣೊಳಗೆ ಎಲ್ಲಾದರೂ ಸದ್ದಾಗುತ್ತದೆಯೇ ಎಂದು ಕೇಳಿದೆ. ಎಪ್ಪತ್ತರ ಮುದುಕ ಹೀಗೆ ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ನಾನು ಕೇಳಿದ್ದು ಹೆದರಿಕೆಯಿಂದಲ್ಲ. ಕೇಳಿಸಲಿ ಎಂಬ ಆಸೆಯಿಂದ.

ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿ ಮಾಡುವ ಪ್ರಭುಸ್ವಾಮಿಯನ್ನು ಕೇಳಿದೆ. ಅವನು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿ, ‘ಫೋನು ಮಣ್ಣಲ್ಲಿದ್ರೂ ಆಟದ ಖಾತೆ ಮಣ್ಣಲ್ಲಿರಕಿಲ್ಲ ಕಣಯ್ಯ. ಪಾಸ್‌ವರ್ಡ್ ಗೊತ್ತಿರೋರು ಯಾರ್ ಬೇಕಾದ್ರೂ ಒಳಕ್ಕೋಗ್ಬೋದು. ಯಾರೋ ಕದ್ದಿರ್ಬೇಕು, ದೂರು ಕೊಟ್ಟು ಮುಚ್ಚಿಸ್ಬುಡಾಣ’ ಅಂದ. ಬೇಡಪ್ಪ ಬೇಡ ಎಂದು ಎದ್ದು ಬಂದೆ. ಕಳ್ಳನೇ ಆಗಿರಲಿ, ಆ ಹೆಸರಿನಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದಾರಲ್ಲ ಎನಿಸಿತು. ಮನೆಗೆ ಬಂದ ಮೇಲೆ ಮಾತ್ರ ಕಳ್ಳ ಎಂಬ ಮಾತನ್ನು ನನ್ನ ಮನಸ್ಸು ಒಪ್ಪಲಿಲ್ಲ. ಕಳ್ಳ ಇದ್ದದ್ದನ್ನು ದೋಚಿಕೊಂಡು ಹೋಗುತ್ತಾನೆ. ಬೆವರು ಸುರಿಸಿ ಲಾಂದ್ರ ಮಾಡುತ್ತಾ ಕೂರುತ್ತಾನೆಯೇ?

ಆಮೇಲೆ ಒಂದು ದಿನ, ಮಧ್ಯಾಹ್ನ ಮೂರರ ಹೊತ್ತು, ಅವನನ್ನೇ ಕಂಡೆ. ಸಂತೆಯ ಬೀದಿಯಲ್ಲಿ ಕೆಂಪು ರುಮಾಲಿನ, ಕಂದು ಅಂಗಿಯ, ಮಹಿ ಆಟದಲ್ಲಿ ಆಡಿಸುತ್ತಿದ್ದ ಆಳು ನಡೆದು ಬರುತ್ತಿತ್ತು. ತಲೆಯ ಮೇಲೆ ಹೆಸರು. ಜನರನ್ನು ದಾಟಿಕೊಂಡು ಅಂಗಡಿಯ ಮುಂದೆ ಬಂದು ನಿಂತಿತು. ನನ್ನ ಮುದುಕನನ್ನು ಎಳೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಿದೆ. ಅದು ನನ್ನ ಕಡೆ ತಿರುಗಿತು. ‘ಮಗಾ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ನಾಲ್ಕು ಅಕ್ಷರ ಒತ್ತಲು ನನಗೆ ಎಷ್ಟು ಹೊತ್ತಾಯಿತೋ. ಅದು ಅಲ್ಲಾಡದೆ ನಿಂತಿತ್ತು. ನಾನು ಕಳಿಸಿದೆ. ಎರಡು ಉಸಿರಿನಷ್ಟು ಹೊತ್ತು ನಿಂತು, ಇದ್ದಲ್ಲೇ ಮಾಯವಾಯಿತು. ಆಮೇಲೆ ನಾಲ್ಕು ದಿನ ಅಂಗಡಿಗೆ ಏನೂ ಬರಲಿಲ್ಲ. ಇನ್ನೊಂದು ಸಲ ಅವನನ್ನು ನಾನೇ ಓಡಿಸಿಬಿಟ್ಟೆ ಎಂದು ಕೊಟ್ಟಿಗೆಯಲ್ಲಿ ಕೂತು ಅತ್ತೆ.

ಐದನೆಯ ದಿನ ಲಾಂದ್ರ ಬಂತು. ಮಾಡಿದವರು ಅದರ ಮೇಲೆ ಒಂದು ಸಾಲು ಕೆತ್ತಬಹುದು. ಮಹಿ ಬದುಕಿದ್ದಾಗ ಎಂದೂ ಕೆತ್ತಿದವನಲ್ಲ. ಇದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಎಂದಿತ್ತು. ನನ್ನನ್ನೇ ಕೇಳುತ್ತಿದ್ದಾನೆ ಅಂದುಕೊಂಡೆ. ಅವತ್ತಿನಿಂದ ಊಟ ಬಿಡುವುದನ್ನು ಬಿಟ್ಟೆ ನೋಡು.

ಜುಲೈನಲ್ಲಿ ವರ್ಷದ ಪೂಜೆಗೆ ನೀನು ಬಂದು ಮೂರು ದಿನ ಇದ್ದೆ. ಆ ಮೂರು ದಿನವೂ ಅಂಗಡಿಗೆ ಹೊಸ ಲಾಂದ್ರ ಬರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನೀನು ಪಂಕ್ತಿಯಲ್ಲಿ ಬಡಿಸುತ್ತಾ ಬಂದು, ಖಾಲಿ ಇದ್ದ ಒಂದು ಎಲೆಯ ಮುಂದೆ ಸೌಟು ಹಿಡಿದು ನಿಂತುಬಿಟ್ಟೆ. ನಿನ್ನ ತುಟಿ ಅಲ್ಲಾಡಿತು. ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಕೇಳಿಸಿತು, ‘ಊಟ ಆಯ್ತಾ’. ನೀನು ಹಾಸ್ಟೆಲಿಗೆ ವಾಪಸು ಹೋದ ಮಾರನೆಯ ದಿನ, ಮಕ್ಕಳ ಊಟ ಮುಗಿದಿರಬಹುದಾದ ಮೂರು ಗಂಟೆಗೆ, ಐದು ಲಾಂದ್ರ ಬಂದವು.

ಅವತ್ತು ನನಗೆ ಸಮಾಧಾನವಾಯಿತೋ ದುಃಖವಾಯಿತೋ ಇಂದಿಗೂ ತಿಳಿಯದು. ಐದು ತಿಂಗಳು ಮನಸ್ಸಿನ ಒಂದು ಮೂಲೆಯಲ್ಲಿ ಅವನು ಬದುಕಿದ್ದ, ಅವತ್ತು ಮತ್ತೆ ಹೋದ. ಆದರೆ ಅವನ ರುಮಾಲು ಸುತ್ತಿಕೊಂಡು ಅವನ ಗುಡ್ಡ ಅಗೆಯುತ್ತಿರುವವಳು ನೀನು ಎಂದು ತಿಳಿದ ಮೇಲೆ ಆ ಸಂತೆಗೆ ಹೋಗುವುದನ್ನು ಬಿಡಲು ಆಗಲಿಲ್ಲ. ಪಾಸ್‌ವರ್ಡ್ ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುವುದಿಲ್ಲ, ಮಗ ಅಮ್ಮನಿಗೆ ಹೇಳಿರುತ್ತಾನೆ. ಎದುರಿಗೆ ‘ತಾತ’ ನಿಂತು ‘ಮಗಾ’ ಎಂದಾಗ ನಿನಗೆ ಹೇಗಾಗಿರಬೇಕು ಎಂದು ಯೋಚಿಸಿ ಎಷ್ಟೋ ದಿನ ಒದ್ದಾಡಿದ್ದೇನೆ. ತಪ್ಪು ತಿಳಿಯಬೇಡ. ನೀನು ಇಟ್ಟ ಲಾಂದ್ರಗಳಲ್ಲಿ ದಿನಕ್ಕೆ ಒಂದನ್ನಾದರೂ ನಾನು ಕೊಳ್ಳುತ್ತಿದ್ದೆ. ಯಾರೂ ಕೊಳ್ಳಲಿಲ್ಲ ಎಂದು ನಿನಗೆ ಅನಿಸಬಾರದಲ್ಲ. ಅದಕ್ಕೆ ಬೇಕಾದ ನಾಣ್ಯಕ್ಕಾಗಿ ನನ್ನ ಮುದುಕ ಈ ವಯಸ್ಸಿನಲ್ಲಿ ಕಾಡಿಗೆ ಹೋಗಿ ಸೌದೆ ಕಡಿದು ಮಾರುತ್ತಾನೆ. ನಗಬೇಡ.

ಹೋದ ವಾರ ಕೊಂಡ ಲಾಂದ್ರದ ಮೇಲೆ ಬೇರೆ ಸಾಲು ಇತ್ತು. ‘ನಾನು ನೋಡ್ಬೇಕಿತ್ತು ಕಣೋ, ನನ್ನ ತಪ್ಪು.’ ಓದಿದ ಮೇಲೆ ನನ್ನಿಂದ ಸುಮ್ಮನೆ ಇರಲು ಆಗಲಿಲ್ಲ. ಈ ಕಾಗದ ಅದಕ್ಕೇ.

ಮೈ ಹುಷಾರು. ಹಾಸ್ಟೆಲಿನ ಮಕ್ಕಳಿಗೆಲ್ಲ ಒಬ್ಬ ತಾತ ಕೇಳಿದ ಎಂದು ಹೇಳು. ನಿನ್ನ ಅತ್ತೆ ಹುಚ್ಚೆಳ್ಳು ಪುಡಿ ಕಟ್ಟಿಕೊಟ್ಟಿದ್ದಾಳೆ, ನೀನೇ ತಿನ್ನು, ಎಲ್ಲರಿಗೂ ಹಂಚಿ ಮುಗಿಸಬೇಡ. ನಂಜುಂಡೇಶ್ವರ ನಿನ್ನ ತಲೆ ಕಾಯಲಿ.

ನಿನ್ನ ಮಾವ,
ಬೆಟ್ಟಸ್ವಾಮಿ

ವಿ.ಸೂ.: ಹೇಳಬೇಕಾದದ್ದನ್ನು ಬರೆಯದೆ ಸಹಿ ಹಾಕಿಬಿಟ್ಟೆ. ಮಹಿಗೆ ಜ್ವರ ಶುರುವಾದದ್ದು ನೀವೆಲ್ಲ ತಿಳಿದಿರುವ ಹಾಗೆ ಸೋಮವಾರ ಅಲ್ಲ, ಶನಿವಾರ. ನೀನು ತಂಗಿಯ ಮಗುವಿನ ನಾಮಕರಣಕ್ಕೆ ಕೆ.ಆರ್. ನಗರಕ್ಕೆ ಹೋಗಿದ್ದೆ. ‘ತಾತ, ಕಣ್ಣಿನ್ ಇಂದ್ಗಡೆ ಚುಚ್ತಾದೆ, ಮೈಕೈಯೆಲ್ಲ ನೋವು’ ಎಂದು ನನ್ನ ಹತ್ತಿರ ಬಂದ. ನಾನು ಮಾತ್ರೆ ನುಂಗಿಸಿ, ‘ನಿಮ್ಮವ್ವಂಗೆ ಹೇಳ್ಬೇಡ, ನಾಮಕರಣ ಬುಟ್ಟು ಓಡ್ಬತ್ತಾಳೆ’ ಎಂದೆ. ಆ ಎರಡು ದಿನ ಸಂತೆಯಲ್ಲಿ ಲಾಂದ್ರಕ್ಕೆ ಬೆಲೆ ಏರಿತ್ತು. ಕಂಬಳಿ ಹೊದಿಸಿ ಪಕ್ಕದಲ್ಲಿ ಕೂರಿಸಿಕೊಂಡು ಅವನ ಕೈಲಿ ಮಾರಿಸುತ್ತಿದ್ದವನು ನಾನು. ನೀನು ಬಂದ ಮೇಲೂ ಹೇಳಲಿಲ್ಲ. ಕಾಂತರಾಜ ಗುಂಡಿಯ ಹತ್ತಿರ ನಿನ್ನ ಮೇಲೆ ಕೂಗಿದಾಗ ವಿಭೂತಿ ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದೆ. ಇವತ್ತು ಬೆಳಿಗ್ಗೆ ಅವನಿಗೆ ಎಲ್ಲ ಹೇಳಿದೆ. ಅವನು ನಿನ್ನ ಹೆಸರು ಹೇಳಿ ಅಳಲು ಶುರುಮಾಡಿದ. ಈ ಕಾಗದ ಅಂಚೆಗೆ ಹಾಕುತ್ತಿಲ್ಲ, ಅವನ ಕೈಯಲ್ಲೇ ಕೊಟ್ಟಿದ್ದೇನೆ. ನೀನು ಓದಿ ಮುಗಿಸುವವರೆಗೂ ಹಾಸ್ಟೆಲಿನ ಗೇಟಿನ ಹೊರಗೆ ನಿಂತಿರುತ್ತೇನೆ ಎಂದಿದ್ದಾನೆ. ಒಳಗೆ ಕರೆಯುವುದು, ಹಾಗೇ ಕಳಿಸುವುದು ನಿನಗೆ ಸೇರಿದ್ದು. ನೀನು ಏನು ಮಾಡಿದರೂ ಅದು ಸರಿಯೇ.