ತೆಂಗಿನ ಮರದ ತಗಡು

ಉಳವಿ, ಜೂನ್ ೧೫, ಭಾನುವಾರ

ಅಂತೂ ಗೆದ್ದೆ! ಮಗಳು ಅರ್ಚಿತಾ ಸಾಕಿದ ಹ್ಯಾಮ್‌ಸ್ಟರ್ ಎರಡು ಪ್ಲಾಸ್ಟಿಕ್ ಡಬ್ಬ ಕಡಿದು ಓಡಿತ್ತು. ನಿನ್ನೆಯಂತೂ ಬೆಕ್ಕಿನ ಬಾಯಿಂದ ಬಿಡಿಸಿದ್ದು. ಮಗಳು ಅತ್ತು ಅತ್ತು ಊಟ ಬಿಟ್ಟಳು. “ಇನ್ನೊಂದ್ಸಲ ಹೊರಗ್ ಬಂದ್ರೆ ಆ ಮೋಟುಬಾಲದ ಇಲಿ ಅಂಗಡಿಗೇ ವಾಪಸ್,” ಅಂದರು ಇವರು.

ಬೆಳಿಗ್ಗೆ ಅದನ್ನು ಮೂರನೇ ಡಬ್ಬಕ್ಕೆ ಹಾಕಿ, ಕೆಲಸವೆಲ್ಲ ಬಿಟ್ಟು ಅದರ ಮುಂದೆಯೇ ಕೂತೆ. ಡಬ್ಬದ ನುಣುಪು ಗೋಡೆಯ ಮೇಲೆ ಅದರ ಹಲ್ಲು ಜಾರುತ್ತದೆ. ಕಡಿಯುವುದು ಗಾಳಿಗೆಂದು ನಾವೇ ಕೊರೆದ ತೂತಿನ ಅಂಚನ್ನು! ಅಲ್ಲಿಗೆ ಒಳಗಿನಿಂದ ತಗಡು ಕೂರಿಸಿ ಬೋಲ್ಟ್ ಬಿಗಿದೆ. ಗಾಳಿಗೆ ತಗಡಿನಲ್ಲಿ ಮೊಳೆಯಿಂದ ತೂತು ಹೊಡೆದದ್ದೂ ಒಳಗಿನಿಂದಲೇ, ಚೂಪು ಅದರ ಮೂತಿಗೆ ತಾಗದಿರಲಿ ಅಂತ. ಸಂಜೆಯೆಲ್ಲ ಕರಕರ ಕಡಿದು, ಸೋತು, ಈಗ ಹುಲ್ಲಿನೊಳಗೆ ಮಲಗಿದೆ.

ಇವರು ಬಗ್ಗಿ ನೋಡಿದರು. “ಅಡ್ಡಿಲ್ಲ ಮಾರಾಯ್ತಿ, ಗಟ್ಟಿ ಇದೆ. ತಗಡು ಎಲ್ಲಿತ್ತು?”

“ಹಿತ್ತಿಲಲ್ಲಿ,” ಅಂದೆ. ಸುಳ್ಳಲ್ಲ. ಇಲಿ ಹತ್ತಬಾರದು ಅಂತ ಇವರೇ ತೆಂಗಿನ ಮರಕ್ಕೆ ಸುತ್ತಿದ್ದ ತಗಡು ಅದು. ಎಳನೀರು ಊರ ಇಲಿಗಳ ಪಾಲಾದರೆ ಆಗಲಿ. ನಮ್ಮನೆ ಇಲಿ ಒಳಗಿದೆ, ಮಗಳು ಎರಡು ಸಲ ಅನ್ನ ಹಾಕಿಸಿಕೊಂಡಳು. ನಾಳೆ ಇವರು ಹಿತ್ತಿಲಿಗೆ ಹೋಗುವವರೆಗಾದರೂ ಈ ಮನೆಗೆ ನಾನೇ ರಾಣಿ.