ಬಿಳಿ ಕಾರಿಗೆ ನೀಲಿ ಬಾಗಿಲು

ಅವ್ವಾ,

ಒಂದೇ ಸೂರಿನ ಕೆಳಗೆ ಇದ್ದವರು ನಾವು, ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಈಗ ಬರೆಯದೆ ಇರಲಾರೆ. ಕಂಡ ಬೆರಗನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಹೋದ ತಿಂಗಳು ಮನೆ ಮುಂದೆ ನಿಂತಿದ್ದ ನಮ್ಮ ಕಾರಿಗೆ ಟೆಂಪೊ ಬಂದು ಗುದ್ದಿತು. ಜಜ್ಜಿಹೋದದ್ದು ಎಡಗಡೆಯ ಮುಂದಿನ ಬಾಗಿಲು, ನೀನು ಕೂರುತ್ತಿದ್ದ ಕಡೆಯದು. ನೀನು ಹೋದಾಗಿನಿಂದ ಅಪ್ಪ ಆ ಕಾರಿನ ಕೀಲಿ ಮುಟ್ಟಿರಲಿಲ್ಲ. "ಗುಜರಿ ಭಂಗಾರದವಗ ಕೊಟ್ಟುಬಿಡೂಣು. ಕೂಡವರ ಇಲ್ಲ, ಬಾಗಿಲಾ ಯಾಕ ಬೇಕ?" ಅಂದ. ಕಾರು ಗುಜರಿಗೆ ಹೋದರೆ ಅಪ್ಪ ಹೊಸ್ತಿಲು ದಾಟುವುದೇ ಇಲ್ಲ ಅನ್ನಿಸಿತು. "ಒಂದು ವಾರ ತಡಿಯಪ್ಪಾ, ನಾ ಹುಡುಕತೀನಿ" ಅಂದೆ. ಹಳೆಯ ಮಾಡೆಲ್ಲು, ಹೊಸ ಬಾಗಿಲು ಪುಣೆಯಲ್ಲಿ ಎಲ್ಲೂ ಸಿಗಲಿಲ್ಲ. ಉಳಿದದ್ದು ಹಳೇ ಸಾಮಾನಿನ ಬಜಾರು.

ಬಜಾರಿಗೆ ಹೊರಟ ಬೆಳಿಗ್ಗೆ ಜಜ್ಜಿದ ಬಾಗಿಲನ್ನೂ ಬಿಚ್ಚಿಸಿ ರಿಕ್ಷಾಕ್ಕೆ ಹೇರಿಸಿದೆ. ಜೊತೆಗೆ ಹೊರಟಿದ್ದ ನಮ್ಮ ಓಣಿಯ ಗ್ಯಾರೇಜಿನ ಬಸವರಾಜಣ್ಣ ನಕ್ಕ. "ಫೋಟೊ ಅದಲ್ರಿ ಅಕ್ಕಾರ, ಈ ಹೆಣಭಾರ ಯಾಕ?"

"ಅಳತೀ ಜಂಪರ್ ಇಲ್ದ ನಮ್ಮವ್ವ ಕತ್ರಿ ಹಿಡೀತಿರಲಿಲ್ರಿ" ಅಂದೆ. ಎಷ್ಟು ಜನ ಹೆಂಗಸರನ್ನು ನೀನು ಬಾಗಿಲಿಂದಲೇ ವಾಪಸು ಕಳಿಸಿಲ್ಲ, ಮೈಗೆ ಸರಿಯಾಗಿ ಕೂತ ಹಳೇ ಜಂಪರು ತಗೊಂಡು ಬಾ ಅಂತ!

ಅಂಗಡಿಯವನು ಮೊದಲು ತೋರಿಸಿದ್ದು ಬಿಳಿ ಬಾಗಿಲು. ಅದೇ ಕಾರು, ಅದೇ ಬಣ್ಣ, ಒಂದು ಗೀರೂ ಇಲ್ಲ. ಬಣ್ಣ ಹಚ್ಚಿಸುವ ಖರ್ಚೂ ಉಳಿಯಿತು ಎಂದು ಮರಾಠಿಯಲ್ಲಿ ಹೊಗಳಿದ್ದೇ ಹೊಗಳಿದ್ದು. ಬಸವರಾಜಣ್ಣನೂ ತಲೆಯಾಡಿಸಿದ. ನಾನೂ ಹೂಂ ಅನ್ನುವವಳೇ, ಅಷ್ಟರಲ್ಲಿ ನೀನು... "ಬಣ್ಣ ಕಡೀಕ ನೋಡವಾ, ಮೊದಲ ಹೆಗಲು ಕೂತದೇನ್ ನೋಡು" ಅನ್ನುತ್ತಿದ್ದೆಯಲ್ಲ? ಎರಡೂ ಬಾಗಿಲನ್ನು ಗೋಣಿಯ ಮೇಲೆ ಜೋಡಿಯಾಗಿ ಮಲಗಿಸಿದೆವು. ಲಾಕು ಸರಿ, ಕನ್ನಡಿಯ ಜಾಗ ಸರಿ. ಕೀಲು ಕೂರುವ ಕೆಳಗಿನ ತೂತುಗಳು ಮಾತ್ರ ಒಂದು ಬೆರಳು ಕೆಳಗೆ. ಹೆಸರು ಒಂದೇ, ಆದರೆ ಕಂಪನಿ ಆಮೇಲೆ ತಿದ್ದಿದ ಮಾಡೆಲ್ಲು. "ಇದು ಕೂಡಂಗಿಲ್ರಿ" ಅಂದ ಬಸವರಾಜಣ್ಣ, ಮೆಲ್ಲಗೆ.

ಮೂಲೆಯಲ್ಲಿ ಒಂದು ನೀಲಿ ಬಾಗಿಲು ಧೂಳು ತಿನ್ನುತ್ತಿತ್ತು. ತೂತಿಗೆ ತೂತು, ಅಂಚಿಗೆ ಅಂಚು ಕೂಡಿತು. ಬಸವರಾಜಣ್ಣ ಹಿಡಿದ ಅಯಸ್ಕಾಂತ ಎಲ್ಲ ಕಡೆ ಕಚ್ಚಿತು, ಅಂದರೆ ಪುಟ್ಟಿ ಮೆತ್ತಿ ತಗ್ಗು ಮುಚ್ಚಿಲ್ಲ.

ಗ್ಯಾರೇಜಿನಲ್ಲಿ ಅದನ್ನು ಏರಿಸಿದ ಮಧ್ಯಾಹ್ನ ನೀನಿರಬೇಕಿತ್ತು. ಸುತ್ತಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ. ಬಸವರಾಜಣ್ಣ ಕಾಗದದ ಚೂರೊಂದನ್ನು ಅಂಚಿನಲ್ಲಿಟ್ಟು ಬಾಗಿಲು ಹಾಕಿ ಎಳೆದ. ಹೀಗೆ ಎಲ್ಲಿಟ್ಟು ಎಳೆದರೂ ಬಿಗಿಯೇ. ಯಾರ ಕಾರಿನದೋ, ಯಾವ ದಾರಿಯ ಧೂಳು ಕುಡಿದದ್ದೋ, ಅದು ನಮ್ಮ ಕಾರಿಗೆ ಹುಟ್ಟಿನಿಂದ ಇದ್ದಂತೆ ಕೂತಿತಲ್ಲ ಅವ್ವಾ! ಕಬ್ಬಿಣಕ್ಕೂ ನೆನಪಿರುತ್ತದೆಯೇ? ಅಥವಾ ನಿನ್ನ ಬೆರಳು...

ಕಾರು ಮನೆಗೆ ತಂದಾಗ ಅಪ್ಪ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಬಂದ. ಸಂದಿನ ಉದ್ದಕ್ಕೂ ಬೆರಳಾಡಿಸಿದ. ತೆಗೆದ, ಹಾಕಿದ, ಮತ್ತೆ ತೆಗೆದ. "ಭಾಳ ಬರೋಬ್ಬರಿ ಕೂತದ" ಅಂದ. ಆಮೇಲೆ ಒಳಗೆ ಹೋಗಿ ಕೀಲಿ ತಂದ. ನಾನು ರೂಢಿಯಂತೆ ಹಿಂದೆ ಹತ್ತಲು ಹೋದೆ.

"ಹಿಂದ ಯಾಕ? ಮುಂದ ಬಾ."

"ಎಲ್ಲಿಗಪ್ಪಾ?"

"ಇಂದಾಪುರಕ. ನಿಮ್ಮ ದೊಡ್ಡವ್ವನ ಮನಿಗೆ."

ದಾರಿಯಲ್ಲೇ ನಾನು ದೊಡ್ಡವ್ವನಿಗೆ ಫೋನು ಮಾಡಿದೆ. ನಿನ್ನಕ್ಕ ಬಿಸಿ ರೊಟ್ಟಿ ಬಡಿದು ಕಾಯುತ್ತಿದ್ದಳು. ಈ ಸುದ್ದಿ ನಿನಗೆ ಮುಟ್ಟಲೇಬೇಕು ಅವ್ವಾ: ನೀನು ಹೋದ ಮೇಲೆ ಮೊದಲ ಸಲ, ಅಪ್ಪ ತಾನಾಗಿ ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ನಿನ್ನ ಮಗಳು,
ಸಾವಿತ್ರಿ