ಕನ್ನಡಕದಕ್ಕನ ಬೋರ್ಡು

ಜೂನ್ ೯, ಸೋಮವಾರ

ಗಂಟಲು ಪೂರ್ತಿ ಕಟ್ಟಿದೆ. ನಮ್ಮ ಕನ್ನಡಕದ ಅಂಗಡಿಯಲ್ಲಿ ಬೆಳಗಿನಿಂದ ಕೈಸನ್ನೆಯೇ. ಒಬ್ಬರು ಫ್ರೇಮ್ ಹಾಕಿಕೊಂಡು "ಹೇಗಿದೆ?" ಅಂದರು, ಇಲ್ಲ ಅಂತ ತಲೆಯಾಡಿಸಿದೆ. ಬಾಯಿದ್ದಿದ್ದರೆ ಹೊಗಳಿ ಮಾರಿಬಿಡುತ್ತಿದ್ದೆ. ಅಪ್ಪನಿಗಂತೂ ಖುಷಿ. "ಇವತ್ತು ಅಂಗಡಿ ಎಷ್ಟು ತಣ್ಣಗಿದೆ!" ಅಂತೆ.

ಆನ್‌ಲೈನ್ ಗೇಮ್ ಆಡುವವರ ಗ್ರೂಪಿಗೆ ಮೆಸೇಜ್ ಹಾಕಿದೆ — ಗಂಟಲು ಸರಿಯಿಲ್ಲ, ಈ ವಾರ ಕಾಲ್ ಇಲ್ಲ, ಮೆಸೇಜ್ ಮಾತ್ರ.

ಮಧ್ಯಾಹ್ನ

ಗ್ರೂಪಿನ ಲಾರಿಯಣ್ಣ ಗೇಮಿನಲ್ಲಿರುವ ತನ್ನ ಕೋಟೆ ಮಾರುತ್ತಾನಂತೆ. ಆರು ವರ್ಷ ಆಡಿ ಕಟ್ಟಿದ ಅಕೌಂಟು. ಚಿನ್ನದ ಹೆಬ್ಬಾಗಿಲು ಬೇರೆ ಇದೆ... ಗೇಮಿನವರು ಒಂದೇ ಸಲ ಕೊಟ್ಟಿದ್ದು. ಲಾರಿಗೆ ಹೊಸ ಟೈರು ಬೇಕಾಗಿದೆಯಂತೆ, ಇಲ್ಲದಿದ್ದರೆ ಮಾರುತ್ತಿರಲಿಲ್ಲ. ಕೊಳ್ಳುವವನು ಅದೇ ಗ್ರೂಪಿನ ಬೇಕರಿಯವನು. ಒಬ್ಬರಿಗೊಬ್ಬರು ಮುಖ ಕಂಡವರಲ್ಲ. ಅದಕ್ಕೇ ನಾನು ಮಧ್ಯೆ. ಅಕೌಂಟು ನನ್ನ ಕೈಗೆ, ದುಡ್ಡೂ ನನ್ನ ಕೈಗೆ, ಎರಡೂ ಸರಿ ಇದ್ದರೆ ಅದಲುಬದಲು. ಇವತ್ತಿನವರೆಗೆ ಒಂದು ಡೀಲೂ ಕೆಟ್ಟಿಲ್ಲ. ಗ್ರೂಪಿನಲ್ಲಿ 'ಕನ್ನಡಕದಕ್ಕ' ಅಂದರೆ ಸಾಕು, ಎಲ್ಲರೂ ನಂಬುತ್ತಾರೆ. ಜಂಬ ಅಂದರೆ ಜಂಬ, ಇರುವುದನ್ನೇ ಬರೆದಿದ್ದೀನಿ.

ಅಪ್ಪನ ಪ್ರಕಾರ ಇದೆಲ್ಲ ಕೆಲಸವಿಲ್ಲದವರ ಕೆಲಸ. "ಈ ವಯಸ್ಸಲ್ಲಿ ಆಟವಂತೆ, ಆಟ."

ಜೂನ್ ೧೦, ಮಂಗಳವಾರ

ಲಾರಿಯಣ್ಣನಿಗೆ ಲಾಗಿನ್ ಕಳಿಸಿ ಅಂತ ಮೆಸೇಜ್ ಹಾಕಿದೆ. ಉತ್ತರ — "ಕೊಡಲ್ಲ ಅಕ್ಕ. ಮೊದ್ಲು ಬೋರ್ಡು ತೋರ್ಸಿ."

ನನಗೇ!

ಬೋರ್ಡಿನ ಪದ್ಧತಿ ಶುರು ಮಾಡಿದ್ದೇ ನಾನು. ಪ್ರತಿ ಡೀಲಿಗೂ ಮುಂಚೆ ವಿಡಿಯೋ ಕಾಲ್. ಕಣ್ಣು ಪರೀಕ್ಷೆಯ ಬೋರ್ಡಿನ ಪಕ್ಕ ನಿಲ್ಲುತ್ತೀನಿ. ಅವರು ಯಾವ ಸಾಲು, ಯಾವ ಅಕ್ಷರ ಅಂತ ಹೇಳಬೇಕು, ನಾನು ಕೋಲಿಟ್ಟು ತೋರಿಸಬೇಕು. ಬೇರೆಯವರು ನನ್ನ ಫೋಟೋ ಕದಿಯಬಹುದು, ಆ ಕ್ಷಣಕ್ಕೆ ಅಲ್ಲಿ ನಿಂತು ತೋರಿಸಲು ಆಗುತ್ತಾ? ಆದರೂ ಇಷ್ಟು ವರ್ಷದ ಪರಿಚಯ, ಗಂಟಲು ಕೆಟ್ಟಿದೆ ಅಂತ ಊರಿಗೆಲ್ಲ ಹೇಳಿದ್ದೀನಿ... ಮೈ ಉರಿಯಿತು. ಫೋನ್ ಡ್ರಾಯರಿಗೆ ಹಾಕಿದೆ.

ಜೂನ್ ೧೧, ಬುಧವಾರ

ಬೆಳಿಗ್ಗೆ ಲಾರಿಯಣ್ಣ ಸ್ಕ್ರೀನ್‌ಶಾಟ್ ಕಳಿಸಿದ. ನಿನ್ನೆ ನನಗಿಂತ ಮುಂಚೆಯೇ ಇನ್ನೊಬ್ಬ 'ಕನ್ನಡಕದಕ್ಕ' ಅವನಿಗೆ ಮೆಸೇಜ್ ಮಾಡಿದ್ದಾಳೆ. ನನ್ನದೇ ಫೋಟೋ. "ಗಂಟಲು ಸರಿಯಿಲ್ಲ, ಕಾಲ್ ಆಗಲ್ಲ. ಲಾಗಿನ್ನೂ ಓಟಿಪಿಯೂ ಬೇಗ ಕಳಿಸಿ."

ಕೆಳಗೆ ಲಾರಿಯಣ್ಣ ಬರೆದಿದ್ದ — "ಇಬ್ಬರು ಅಕ್ಕಂದಿರಿದ್ದೀರಿ. ಇಬ್ಬರಿಗೂ ಗಂಟಲು ಕೆಟ್ಟಿದೆ. ಯಾರಿಗೆ ಕೊಡ್ಲಿ?"

ಗ್ರೂಪಿಗೆ ಗಂಟಲಿನ ಮೆಸೇಜ್ ಹಾಕಿ ಕಳ್ಳನಿಗೆ ನೆಪ ಹೊಂದಿಸಿಕೊಟ್ಟವಳು ನಾನೇ. ಎಂಥಾ ಪೆದ್ದಿ! ಕೋಲಿಟ್ಟು ತೋರಿಸುವುದಕ್ಕೆ ಗಂಟಲು ಯಾಕೆ ಬೇಕು? ಬೇಕರಿಯವನು ಬೇರೆ ಸಂಜೆಯೊಳಗೆ ಆಗದಿದ್ದರೆ ಬೇರೆ ಕೋಟೆ ನೋಡಿಕೊಳ್ಳುತ್ತೀನಿ ಅಂದಿದ್ದ. ಲಾರಿಯಣ್ಣನ ಟೈರೂ ಹೋಗುತ್ತೆ, ನನ್ನ ಹೆಸರೂ ಹೋಗುತ್ತೆ.

ಕಣ್ಣು ಪರೀಕ್ಷೆಯ ರೂಮಿಗೆ ಓಡಿದೆ. ಲಾರಿಯಣ್ಣ, ಬೇಕರಿಯವನು ಇಬ್ಬರನ್ನೂ ಒಂದೇ ವಿಡಿಯೋ ಕಾಲ್‌ಗೆ ಸೇರಿಸಿದೆ.

"ಮೂರನೇ ಸಾಲು, ಕೊನೇದು," ಅಂದ ಲಾರಿಯಣ್ಣ. ತೋರಿಸಿದೆ. "ಎರಡನೇ ಸಾಲು, ಮೊದಲ್ನೇದು." ತೋರಿಸಿದೆ. "ನೀವೇ ಅಕ್ಕ, ನೀವೇ! ಆ ಇನ್ನೊಬ್ಬಳು ಬೋರ್ಡು ತೋರ್ಸು ಅಂದ್ರೆ ಕ್ಯಾಮೆರಾ ಹಾಳಾಗಿದೆ ಅಂದ್ಲು. ಆಮೇಲೆ ಬ್ಲಾಕೇ ಮಾಡಿದ್ಲು."

"ಐದನೇ ಸಾಲು ಕೇಳಿ ಅಣ್ಣ, ಅದು ಕಷ್ಟ," ಅಂದ ಬೇಕರಿಯವನು.

"ಅದು ಬರೀ ಮಸುಕು ಮಾರಾಯ."

"ನಂಗೆ ಚೆನ್ನಾಗೇ ಕಾಣ್ತಿದೆಯಲ್ಲ!"

ತಕ್ಷಣ ಲಾರಿಯಣ್ಣನಿಗೆ ಟೈಪ್ ಮಾಡಿದೆ — ಟೈರಿಗಿಂತ ಮೊದಲು ಕಣ್ಣು ತೋರಿಸಿಕೊಳ್ಳಿ, ಅಂಗಡಿಗೆ ಬನ್ನಿ.

ಆಮೇಲೆ ಡೀಲು. ಬೇಕರಿಯವನು ದುಡ್ಡು ಹಾಕಿದ ಚಿತ್ರ ಕಳಿಸಿದ. ಚಿತ್ರ ಯಾರು ಬೇಕಾದರೂ ಮಾಡುತ್ತಾರೆ, ನನ್ನ ಖಾತೆಗೆ ಬಂದು ಬೀಳುವವರೆಗೆ ಕಾದೆ. ಲಾರಿಯಣ್ಣ ಲಾಗಿನ್ ಕೊಟ್ಟ, ಅಕೌಂಟಿನ ಇಮೇಲು, ಫೋನ್ ನಂಬರು ಎರಡೂ ಬೇಕರಿಯವನ ಹೆಸರಿಗೆ ಬದಲಾಯಿತು. ಅವನು ಒಳಗೆ ಹೋಗಿ ಹೆಬ್ಬಾಗಿಲು ತೆಗೆದು ಕೂಗಿದ ಮೇಲೆಯೇ ಲಾರಿಯಣ್ಣನಿಗೆ ದುಡ್ಡು ಕಳಿಸಿದೆ.

ಲಾರಿಯಣ್ಣ ನನ್ನನ್ನು ನಂಬದೇ ಇದ್ದದ್ದಕ್ಕೆ ಇಷ್ಟು ಹೆಮ್ಮೆ ಆಗುತ್ತೆ ಅಂತ ಗೊತ್ತಿರಲಿಲ್ಲ.

ಜೂನ್ ೧೫, ಭಾನುವಾರ

ಧ್ವನಿ ಅರ್ಧ ಬಂದಿದೆ. ಆ ಕಳ್ಳ ಅಕ್ಕ ಗ್ರೂಪಿನ ಇನ್ನೂ ಹಲವರ ಬೆನ್ನು ಹತ್ತಿದ್ದಳಂತೆ. ಎಲ್ಲರೂ ಒಂದೇ ಉತ್ತರ ಕೊಟ್ಟಿದ್ದಾರೆ — ಬೋರ್ಡು ತೋರ್ಸು. ಒಬ್ಬನಂತೂ "ಬೋರ್ಡಿಲ್ದೆ ನಮ್ಮಕ್ಕ ಬಂದ್ರೂ ಕೊಡಲ್ಲ" ಅಂದನಂತೆ. ಓದಿ ಓದಿ ನಕ್ಕೆ. ಕಣ್ಣಲ್ಲಿ ನೀರೂ ಬಂತು.

ಜೂನ್ ೨೪, ಮಂಗಳವಾರ

ಲಾರಿಯಣ್ಣ ಬಂದಿದ್ದ! ಬಾಗಿಲಷ್ಟು ಎತ್ತರ, ಧ್ವನಿ ಮಾತ್ರ ಮೆಲ್ಲಗೆ. ಅಪ್ಪನೇ ಕಣ್ಣು ನೋಡಿದರು. "ನಮ್ಮ ಅಂಗಡಿ ಹೇಗೆ ಗೊತ್ತಾಯ್ತು?" ಅಂದರು.

ಅವನು ಎಲ್ಲ ಹೇಳಿದ. ಕೊನೆಗೆ, "ಆರು ವರ್ಷದ್ದು ಯಜಮಾನ್ರೇ. ಸ್ವಂತ ತಮ್ಮನ ಕೈಲಿ ಕೊಡ್ತಿರ್ಲಿಲ್ಲ. ಅಕ್ಕನ ಕೈಲಿ ಕೊಟ್ಟೆ."

ಅಪ್ಪ ಲೆನ್ಸ್ ನಂಬರು ಬರೆದರು. ಅವನು ಹೋದ ಮೇಲೆ ಒಂದೇ ಮಾತು ಕೇಳಿದರು. "ಒಂದು ಡೀಲೂ ಕೆಟ್ಟಿಲ್ವಾ?"

"ಒಂದೂ ಇಲ್ಲಪ್ಪ."

ಗಲ್ಲಾಪೆಟ್ಟಿಗೆಯ ಬೀಗದಕೈ ಸೊಂಟದಿಂದ ಬಿಚ್ಚಿದರು. ಅಮ್ಮನ ಕೈಗೂ ಕೊಟ್ಟವರಲ್ಲ. ನನ್ನ ಮುಂದೆ ಇಟ್ಟು, "ಊಟ ಮಾಡ್ಕೊಂಡು ಬರ್ತೀನಿ, ನಿಧಾನ ಆಗುತ್ತೆ" ಅಂತ ಹೊರಟರು.

ಅವರ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೀನಿ. ಕಾಲು ನೆಲಕ್ಕೆ ತಾಗುತ್ತಿಲ್ಲ. ಗಿರಾಕಿ ಬಂದರು. "ಯಜಮಾನ್ರಿಲ್ವಾ?" ಅನ್ನುತ್ತಿದ್ದಾರೆ. ಇದ್ದಾರೆ, ಇಲ್ಲೇ ಕೂತಿದ್ದಾ—